ಪೂರ್ವ ಜರ್ಮನಿಯ ಕಂದು ಕಲ್ಲಿದ್ದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕಮ್ಯುನಿಸ್ಟ್ ಸರ್ಕಾರಗಳ ಕಾಲದಲ್ಲಿ ಪರಿಸರ ಹಾಳಾದ ಮಾತು ಬಂದರೆ ಚರ್ಚೆ ಬಹುಬೇಗ ಎಡ-ಬಲದ ಜಗಳವಾಗಿಬಿಡುತ್ತದೆ. ಯಾವ ಊರಿನಲ್ಲಿ, ಯಾವ ಚಿಮಣಿಯಿಂದ, ಯಾರ ಎದೆಗೆ ಹೊಗೆ ಹೋಯಿತು ಎಂಬುದು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಇಲ್ಲಿ ಮುಖ್ಯವಾಗಿ ಒಂದೇ ದೇಶವನ್ನು, ಎರಡನೇ ಮಹಾಯುದ್ಧದ ನಂತರ ಸೋವಿಯತ್ ಬಣದಲ್ಲಿದ್ದ ಪೂರ್ವ ಜರ್ಮನಿಯನ್ನು, ಹಿಡಿದು ಉತ್ತರಿಸಿದ್ದೇನೆ.

ಕಮ್ಯುನಿಸ್ಟ್ ಆಡಳಿತದ ದೇಶಗಳು ಹಲವಿದ್ದವು. ಪೂರ್ವ ಜರ್ಮನಿಯೇ ಯಾಕೆ?

ಮೊದಲ ಕಾರಣ ಪ್ರಮಾಣ. 1980ರ ದಶಕದಲ್ಲಿ ಸುಮಾರು 1.67 ಕೋಟಿ ಜನರಿದ್ದ ಈ ಚಿಕ್ಕ ದೇಶ ವರ್ಷಕ್ಕೆ 30 ಕೋಟಿ ಟನ್‌ಗೂ ಹೆಚ್ಚು ಕಂದು ಕಲ್ಲಿದ್ದಲನ್ನು, ಅಂದರೆ ಲಿಗ್ನೈಟನ್ನು, ಅಗೆದು ತೆಗೆಯುತ್ತಿತ್ತು. ಜಗತ್ತಿನಲ್ಲಿ ಬೇರೆ ಯಾವ ದೇಶವೂ ಅಷ್ಟು ತೆಗೆಯುತ್ತಿರಲಿಲ್ಲ. ದೇಶ ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 70 ಲಿಗ್ನೈಟಿನಿಂದಲೇ ಬರುತ್ತಿತ್ತು. ಎರಡನೆಯ ಕಾರಣ ದಾಖಲೆ. 1990ರ ಅಕ್ಟೋಬರ್ 3ರಂದು ಎರಡೂ ಜರ್ಮನಿಗಳು ಒಂದಾದ ಮೇಲೆ ಸಚಿವಾಲಯದ, ಕಾರ್ಖಾನೆಗಳ, ಸ್ಟಾಸಿ ಎಂಬ ಗುಪ್ತಚರ ಇಲಾಖೆಯ ಕಡತಗಳು ತೆರೆದುಕೊಂಡವು. ಬೇರೆ ಕಡೆ ಊಹಿಸಬೇಕಾದ ಎಷ್ಟೋ ಸಂಗತಿಗಳು ಇಲ್ಲಿ ಅಧಿಕಾರಿಗಳದೇ ಬರವಣಿಗೆಯಲ್ಲಿ ಸಿಗುತ್ತವೆ. ಇದಲ್ಲದೆ ಒಂದೇ ಭಾಷೆ, ಒಂದೇ ಕೈಗಾರಿಕಾ ಹಿನ್ನೆಲೆಯ ಜನ ಗಡಿಯ ಆಚೆ ಬೇರೆ ವ್ಯವಸ್ಥೆಯಲ್ಲಿ ಬದುಕುತ್ತಿದ್ದರು. ಹೋಲಿಸಿ ನೋಡಲು ಇಷ್ಟು ಸ್ಪಷ್ಟವಾದ ಜೋಡಿ ಚರಿತ್ರೆಯಲ್ಲಿ ಅಪರೂಪ.

ಲಿಗ್ನೈಟ್ ಸಾಮಾನ್ಯ ಕಲ್ಲಿದ್ದಲಿಗಿಂತ ಯಾಕೆ ಕೆಟ್ಟದ್ದು?

ತಮಿಳುನಾಡಿನ ನೈವೇಲಿಯಲ್ಲಿ ಅಗೆಯುವುದೂ ಇದೇ ಜಾತಿಯ ಇಂಧನ. ಅಲ್ಲಿನ ಮೊದಲ ವಿದ್ಯುತ್ ಸ್ಥಾವರ ಎದ್ದದ್ದು ಸೋವಿಯತ್ ನೆರವಿನಿಂದ. ಕರ್ನಾಟಕಕ್ಕೂ ನೈವೇಲಿಯ ವಿದ್ಯುತ್ತಿನಲ್ಲಿ ಪಾಲಿದೆ.

ಲಿಗ್ನೈಟ್ ಇನ್ನೂ ಪೂರ್ತಿ ಮಾಗದ ಕಲ್ಲಿದ್ದಲು. ಪೂರ್ವ ಜರ್ಮನಿಯದರಲ್ಲಿ ಅರ್ಧಕ್ಕರ್ಧ ನೀರೇ ಇರುತ್ತಿತ್ತು. ಮಳೆಗಾಲದಲ್ಲಿ ಹಸಿ ಸೌದೆಯನ್ನು ಒಲೆಗೆ ತುರುಕಿದ ಹಾಗೆ, ಶಾಖದಲ್ಲಿ ಒಂದು ಪಾಲು ಆ ನೀರನ್ನು ಆರಿಸುವುದಕ್ಕೇ ಖರ್ಚು, ಮೇಲೆ ಹೊಗೆ ಬೇರೆ. ಒಳ್ಳೆಯ ಕಲ್ಲಿದ್ದಲಿನಷ್ಟು ಶಾಖ ಬೇಕಾದರೆ ಸುಮಾರು ಮೂರು ಪಟ್ಟು ಲಿಗ್ನೈಟ್ ಸುಡಬೇಕು. ಜೊತೆಗೆ ಗಂಧಕ, ಜೊತೆಗೆ ಬೂದಿ. ಲೈಪ್‌ಸಿಗ್ ಸುತ್ತಲಿನ ಲಿಗ್ನೈಟಿನಲ್ಲಿ ಗಂಧಕ ವಿಶೇಷವಾಗಿ ಹೆಚ್ಚು.

ನೆಲದಾಳದಲ್ಲಿ ಸುರಂಗ ಕೊರೆದು ತೆಗೆಯುವ ಪದಾರ್ಥವೂ ಇದಲ್ಲ. ಮೇಲಿನ ಹೊಲ, ಕಾಡು, ಊರು ಎಲ್ಲವನ್ನೂ ಕೆರೆದು ಹಾಕಿ ತೆರೆದ ಗಣಿ ಮಾಡಬೇಕು. ಗುಂಡಿಗೆ ನೀರು ನುಗ್ಗದಂತೆ ಸುತ್ತಲಿನ ಅಂತರ್ಜಲವನ್ನು ಹಗಲೂ ರಾತ್ರಿ ಪಂಪ್ ಮಾಡುತ್ತಲೇ ಇರಬೇಕು. ಒಂದು ಟನ್ ಲಿಗ್ನೈಟಿಗೆ ಸುಮಾರು ಆರು ಘನ ಮೀಟರ್ ನೀರು.

1978ರ ಕೊನೆಯ ದಿನ ಉಷ್ಣಾಂಶ ಒಮ್ಮೆಲೇ ಕುಸಿದಾಗ ಈ ಇಂಧನದ ದೌರ್ಬಲ್ಯ ಬಯಲಾಯಿತು. ಒಳಗಿನ ನೀರು ಹೆಪ್ಪುಗಟ್ಟಿ ಲಿಗ್ನೈಟ್ ರೈಲು ವ್ಯಾಗನ್‌ಗಳಲ್ಲೇ ಬಂಡೆಯಾಯಿತು. ಸೈನಿಕರು ಸುತ್ತಿಗೆ, ಡ್ರಿಲ್ ಹಿಡಿದು ಅದನ್ನು ಒಡೆದರು. ದೇಶದ ದೊಡ್ಡ ಭಾಗ ಕತ್ತಲಲ್ಲಿತ್ತು.

ತೈಲ ಸಿಗುತ್ತಿರಲಿಲ್ಲವೇ? ಸೋವಿಯತ್ ಒಕ್ಕೂಟ ಕೊಡುತ್ತಿತ್ತಲ್ಲ?

ಕೊಡುತ್ತಿತ್ತು. 1960ರ ದಶಕದಲ್ಲಿ ಹಾಕಿದ 'ದ್ರುಜ್ಬಾ' ಪೈಪ್‌ಲೈನ್ ಸೋವಿಯತ್ ತೈಲವನ್ನು ಓಡರ್ ನದಿ ದಡದ ಶ್ವೇಟ್ ಸಂಸ್ಕರಣಾಗಾರಕ್ಕೆ ತರುತ್ತಿತ್ತು. ಆ ತೈಲ ವಿಶ್ವ ಮಾರುಕಟ್ಟೆಗಿಂತ ಅಗ್ಗ. ಪೂರ್ವ ಜರ್ಮನಿ ಅದನ್ನು ಸಂಸ್ಕರಿಸಿ ಪೆಟ್ರೋಲ್, ಡೀಸೆಲ್ ಮಾಡಿ ಪಶ್ಚಿಮಕ್ಕೆ ಮಾರಿ ವಿದೇಶಿ ವಿನಿಮಯ ಗಳಿಸುತ್ತಿತ್ತು. ಸಾಲದ ಕಂತು ಕಟ್ಟಲು ಆ ಹಣ ಬೇಕೇ ಬೇಕಿತ್ತು.

1981ರಲ್ಲಿ ಮಾಸ್ಕೋ ವರ್ಷದ 1.9 ಕೋಟಿ ಟನ್ನನ್ನು 1.7 ಕೋಟಿಗೆ ಇಳಿಸಿತು. ಪಕ್ಷದ ಮುಖ್ಯಸ್ಥ ಎರಿಕ್ ಹೋನೆಕರ್ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಪತ್ರ ಬರೆದು, ಇದರಿಂದ ನಮ್ಮ ದೇಶದ ಬುಡವೇ ಅಲುಗಾಡುತ್ತದೆ ಎಂದು ಅಂಗಲಾಚಿದ. ಮಾಸ್ಕೋ ಮನಸ್ಸು ಬದಲಿಸಲಿಲ್ಲ. ಆಮೇಲೆ ನಡೆದದ್ದು ಇಡೀ ಕಥೆಯ ತಿರುವು: ತೈಲದಿಂದ ನಡೆಯುತ್ತಿದ್ದ ಬಾಯ್ಲರ್‌ಗಳನ್ನು ಮತ್ತೆ ಲಿಗ್ನೈಟಿಗೆ ಬದಲಿಸಿದರು, ಉಳಿತಾಯವಾದ ತೈಲವನ್ನು ರಫ್ತಿಗೆ ಇಟ್ಟರು. ಪಶ್ಚಿಮ ಯುರೋಪು ಚಿಮಣಿಗಳನ್ನು ತೊಳೆಯಲು ತೊಡಗಿದ ದಶಕದಲ್ಲೇ ಪೂರ್ವ ಜರ್ಮನಿ ಇನ್ನಷ್ಟು ಕೊಳಕು ಇಂಧನದ ಕಡೆ ವಾಪಸು ನಡೆಯಿತು. ಇದು ಸಿದ್ಧಾಂತಕ್ಕಾಗಿ ಮಾಡಿದ ಆಯ್ಕೆಯಲ್ಲ, ಸಾಲ ಮತ್ತು ಅಭಾವ ಮಾಡಿಸಿದ್ದು. ಆದರೆ ಆ ಹೊರೆಯನ್ನು ಯಾರು ಹೊರಬೇಕು ಎಂದು ತೀರ್ಮಾನಿಸಿದವರು ಹೊತ್ತವರನ್ನು ಒಂದು ಮಾತೂ ಕೇಳಲಿಲ್ಲ.

ಗಾಳಿ ನಿಜಕ್ಕೂ ಎಷ್ಟು ಕೆಟ್ಟಿತ್ತು?

1980ರ ದಶಕದ ಕೊನೆಯಲ್ಲಿ ವರ್ಷಕ್ಕೆ 50 ಲಕ್ಷ ಟನ್‌ಗೂ ಹೆಚ್ಚು ಸಲ್ಫರ್ ಡೈಆಕ್ಸೈಡ್ ಹೊರಬೀಳುತ್ತಿತ್ತು. ತಲೆವಾರು ಲೆಕ್ಕದಲ್ಲಿ ಯುರೋಪಿನಲ್ಲೇ ಇದು ಮೊದಲ ಸ್ಥಾನ. ಬಾಕ್ಸ್‌ಬರ್ಗ್, ಯೆನ್ಷ್‌ವಾಲ್ಡೆಯಂಥ 3,000 ಮೆಗಾವಾಟ್ ಮತ್ತು ಅದಕ್ಕೂ ಮೇಲಿನ ಸ್ಥಾವರಗಳಿಗೆ ಗಂಧಕ ತೆಗೆಯುವ ಘಟಕಗಳೇ ಇರಲಿಲ್ಲ.

ಅಂಕಿಗಿಂತ ಊರುಗಳ ಹೆಸರು ಹೆಚ್ಚು ಹೇಳುತ್ತವೆ. ಲೈಪ್‌ಸಿಗ್‌ನ ದಕ್ಷಿಣಕ್ಕೆ ಎಸ್ಪೆನ್‌ಹೈನ್ ಎಂಬಲ್ಲಿ ಲಿಗ್ನೈಟನ್ನು ಕಾಯಿಸಿ ಟಾರು, ಎಣ್ಣೆ ಇಳಿಸುವ ಕಾರ್ಖಾನೆಯಿತ್ತು. ಅದನ್ನು ಕಟ್ಟಿದ್ದು ನಾಜಿಗಳ ಕಾಲದಲ್ಲಿ. ಅದೇ ಕುಲುಮೆಗಳು 1990ರವರೆಗೂ ಉರಿದವು. ಅದರ ಹೊಗೆ ಬೀಸುವ ದಿಕ್ಕಿನಲ್ಲೇ ಇದ್ದ ಮ್ಯೋಲ್ಬಿಸ್ ಹಳ್ಳಿಗೆ 'ಯುರೋಪಿನ ಅತಿ ಕೊಳಕು ಹಳ್ಳಿ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಒಗೆದ ಬಟ್ಟೆ ಹೊರಗೆ ಹರವಿದರೆ ಕಪ್ಪು ಪುಡಿ ಕೂರುತ್ತಿತ್ತು. ಮಕ್ಕಳಲ್ಲಿ ಬ್ರಾಂಕೈಟಿಸ್ ಸಾಮಾನ್ಯವಾಗಿತ್ತು. ದೊಡ್ಡ ಚಿಮಣಿಗಳಷ್ಟೇ ಅಲ್ಲ, ಚಳಿಗಾಲದಲ್ಲಿ ಹಳೆಯ ಮನೆಗಳ ಒಲೆಗಳಲ್ಲೂ ಲಿಗ್ನೈಟ್ ಇಟ್ಟಿಗೆ ಉರಿಯುತ್ತಿತ್ತು. ಆ ಹೊಗೆ ಬೀದಿಯ ಮಟ್ಟದಲ್ಲೇ ನಿಲ್ಲುತ್ತಿತ್ತು. ಅದರ ಗಂಧಕದ ವಾಸನೆ ಆ ಕಾಲದಲ್ಲಿ ಅಲ್ಲಿಗೆ ಹೋದವರಿಗೆಲ್ಲ ನೆನಪಿನಲ್ಲಿ ಉಳಿದಿದೆ.

ಗಾಳಿಗೆ ಗಡಿಯಿಲ್ಲ. ಪೂರ್ವ ಜರ್ಮನಿಯ ಸ್ಯಾಕ್ಸನಿ, ಜೆಕೊಸ್ಲೊವಾಕಿಯಾದ ಉತ್ತರ ಬೊಹೀಮಿಯಾ, ಪೋಲೆಂಡಿನ ಕೆಳ ಸೈಲೀಸಿಯಾ ಮೂರೂ ಸೇರುವ ಜಾಗಕ್ಕೆ 'ಕಪ್ಪು ತ್ರಿಕೋನ' ಎಂದೇ ಹೆಸರು ಬಿತ್ತು. ಅಲ್ಲಿನ ಬೆಟ್ಟಗಳ ನೆತ್ತಿಯ ಸ್ಪ್ರೂಸ್ ಕಾಡುಗಳು ಆಮ್ಲಮಳೆಗೆ ನಿಂತಲ್ಲೇ ಸತ್ತವು.

ಬಿಟ್ಟರ್‌ಫೆಲ್ಡ್ ಹೆಸರು ಯಾಕೆ ಇಷ್ಟು ಕುಖ್ಯಾತ?

ಬಿಟ್ಟರ್‌ಫೆಲ್ಡ್ ಮತ್ತು ಪಕ್ಕದ ವೋಲ್ಫೆನ್ ರಾಸಾಯನಿಕ ಕಾರ್ಖಾನೆಗಳ ಜೋಡಿ ಊರು. ಸುತ್ತಲೂ ಲಿಗ್ನೈಟ್ ಗಣಿ. ಬರಿದಾದ ಗಣಿಗುಂಡಿಗಳೇ ವಿಷ ಸುರಿಯುವ ತೊಟ್ಟಿಗಳಾದವು. ವೋಲ್ಫೆನ್‌ನ ಫಿಲ್ಮ್ ಕಾರ್ಖಾನೆಯ ಕೆಸರು ಸೇರಿದ ಒಂದು ಗುಂಡಿಗೆ ಜನ 'ಬೆಳ್ಳಿ ಕೆರೆ' ಎನ್ನುತ್ತಿದ್ದರು. ಆ ಕಾರ್ಖಾನೆಯ ಸರಕಿನ ಹೆಸರು ಓರ್ವೊ. ಭಾರತದ ಫೋಟೋ ಸ್ಟುಡಿಯೋಗಳಲ್ಲೂ ಸಿನಿಮಾ ಕ್ಯಾಮೆರಾಗಳಲ್ಲೂ ಓಡಿದ ಫಿಲ್ಮ್ ಅದು. ಪೂರ್ವ ಜರ್ಮನಿಯೊಂದಿಗೆ ರೂಪಾಯಿಯಲ್ಲೇ ವ್ಯಾಪಾರ ಮಾಡಬಹುದಿತ್ತು ಎಂಬುದು ಅದು ಇಲ್ಲಿಗೆ ಬಂದದ್ದಕ್ಕೆ ದೊಡ್ಡ ಕಾರಣ.

ಅಲ್ಲಿನ ಅಂತರ್ಜಲದಲ್ಲಿರುವ ಕ್ಲೋರಿನ್ ಸಂಯುಕ್ತಗಳನ್ನು ಇಂದಿಗೂ ಪಂಪ್ ಮಾಡಿ ಶುದ್ಧೀಕರಿಸಬೇಕಾಗಿದೆ.

ಗಣಿಗಾಗಿ ಊರುಗಳನ್ನು ಎತ್ತಿದ್ದು ನಿಜವೇ?

ನಿಜ. ದೇಶದ ಪೂರ್ವ ಅಂಚಿನ ಲಿಗ್ನೈಟ್ ಸೀಮೆಯಾದ ಲೌಸಿಟ್ಸ್ ಪ್ರದೇಶವೊಂದರಲ್ಲೇ ಕಾಲಕ್ರಮದಲ್ಲಿ 130ಕ್ಕೂ ಹೆಚ್ಚು ಊರುಗಳು ಪೂರ್ತಿಯಾಗಿಯೋ ಭಾಗಶಃವೋ ಗಣಿಯ ಬಾಯಿಗೆ ಹೋದವು. ಅದರ ದೊಡ್ಡ ಪಾಲು ಪೂರ್ವ ಜರ್ಮನಿಯ ದಶಕಗಳಲ್ಲಿ. ಇದರ ಪೆಟ್ಟು ಹೆಚ್ಚು ಬಿದ್ದದ್ದು ಸೋರ್ಬರಿಗೆ. ಜರ್ಮನ್ನರ ನಡುವೆ ನೂರಾರು ವರ್ಷಗಳಿಂದ ತಮ್ಮದೇ ಸ್ಲಾವಿಕ್ ಭಾಷೆ ಉಳಿಸಿಕೊಂಡು ಬಂದ ಚಿಕ್ಕ ಸಮುದಾಯ ಅದು. ಸರ್ಕಾರ ಅವರಿಗೆ ಶಾಲೆ ಕೊಟ್ಟಿತು, ಪತ್ರಿಕೆ ಕೊಟ್ಟಿತು, ಎರಡು ಭಾಷೆಯ ನಾಮಫಲಕ ಕೊಟ್ಟಿತು; ಹಾಗೇ ಆ ಭಾಷೆ ಆಡುವ ಊರುಗಳನ್ನು ಅಗೆಯಿತು. ಊರು ಚದುರಿ ಜನ ಪಟ್ಟಣದ ಫ್ಲಾಟುಗಳಿಗೆ ಹೋದ ಮೇಲೆ ಅಂಗಡಿಯಲ್ಲಿ, ಚರ್ಚಿನಲ್ಲಿ, ಹೊಲದಲ್ಲಿ ಆಡಲು ಜೊತೆಗಾರರಿಲ್ಲದ ಭಾಷೆಯನ್ನು ನಾಮಫಲಕ ಕಾಪಾಡಲಾರದು. ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. ಕಾಡನ್ನು ಮತ್ತೆ ನೆಡಬಹುದು. ಲೌಸಿಟ್ಸ್‌ನ ಹಲವು ಕಡೆ ಸೋರ್ಬಿಯನ್ ಮನೆಮಾತಾಗಿ ಮರಳಿಲ್ಲ.

ಪರಿಸರ ಕಾನೂನುಗಳೇ ಇರಲಿಲ್ಲವೇ?

ಇದ್ದವು, ಅದೂ ಪಶ್ಚಿಮಕ್ಕಿಂತ ಮೊದಲೇ. 1968ರ ಸಂವಿಧಾನದಲ್ಲೇ ನಿಸರ್ಗ ರಕ್ಷಣೆಯ ಮಾತಿತ್ತು. 1970ರಲ್ಲಿ ವ್ಯಾಪಕ ಕಾಯ್ದೆ ಬಂತು. 1972ರಲ್ಲಿ ಪರಿಸರ ಸಚಿವಾಲಯ ಹುಟ್ಟಿತು. ಪಶ್ಚಿಮ ಜರ್ಮನಿಯಲ್ಲಿ ಅಂಥ ಸಚಿವಾಲಯ ಬಂದದ್ದು ಚೆರ್ನೋಬಿಲ್ ಆದ ಮೇಲೆ, 1986ರಲ್ಲಿ. ಕಾಗದದ ಮೇಲೆ ನೋಡಿದರೆ ಪೂರ್ವ ಜರ್ಮನಿ ಮುಂದಿತ್ತು.

ಆದರೆ 1982ರ ನವೆಂಬರಿನಲ್ಲಿ ಮಂತ್ರಿಮಂಡಲ ಒಂದು ನಿರ್ಣಯ ಮಾಡಿ ಪರಿಸರದ ಅಂಕಿಅಂಶಗಳನ್ನೆಲ್ಲ ರಹಸ್ಯವೆಂದು ಘೋಷಿಸಿತು. ಅಳತೆ ನಿಲ್ಲಲಿಲ್ಲ. ಅಧಿಕಾರಿಗಳು ಗಾಳಿ, ನೀರು ಅಳೆಯುತ್ತಲೇ ಇದ್ದರು, ಆ ವರದಿ ಬೆರಳೆಣಿಕೆಯ ಮೇಜುಗಳಿಗೆ ಮಾತ್ರ ಹೋಗುತ್ತಿತ್ತು. ಮಗುವಿಗೆ ಕೆಮ್ಮು ಯಾಕೆ ಬಿಡುತ್ತಿಲ್ಲ ಎಂದು ಕೇಳುವ ತಾಯಿಗೆ ವೈದ್ಯರು ಅಂಕಿ ತೋರಿಸುವಂತಿರಲಿಲ್ಲ. ಇದು ಅಜ್ಞಾನವಲ್ಲ. ಗೊತ್ತಿದ್ದೂ ಮುಚ್ಚಿಟ್ಟದ್ದು. ಇದನ್ನು ಕ್ಷಮಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಖಾಸಗಿ ಲಾಭಕೋರರೇ ಇಲ್ಲದ ವ್ಯವಸ್ಥೆಯಲ್ಲಿ ಹೀಗೆ ಹೇಗಾಯಿತು?

ಪ್ರಾಮಾಣಿಕವಾಗಿ ಕೇಳುವವರಿಗೆ ಇದು ದೊಡ್ಡ ಒಗಟು. ಲಾಭದಾಸೆಯೇ ಮಾಲಿನ್ಯದ ಬೇರು ಎಂದಾದರೆ, ಆ ಬೇರು ಕಿತ್ತಲ್ಲಿ ಗಾಳಿ ತಿಳಿಯಾಗಬೇಕಿತ್ತು. ಆಗಲಿಲ್ಲ.

ಮೊದಲು ಗುರಿಯ ವಿಷಯ. ಯೋಜನೆಯ ಗುರಿ ಇದ್ದದ್ದು ಟನ್‌ಗಳಲ್ಲಿ, ಮೆಗಾವಾಟ್‌ಗಳಲ್ಲಿ. ಇಷ್ಟು ಟನ್ ಅಗೆದ ಗಣಿಗೆ ಬೋನಸ್, ಪದಕ. ಅಷ್ಟೇ ಬೆಳಕನ್ನು ಕಡಿಮೆ ಇಂಧನದಲ್ಲಿ ಕೊಟ್ಟ ಇಂಜಿನಿಯರ್‌ಗೆ ಅಂಥ ಮನ್ನಣೆ ಇರಲಿಲ್ಲ. ಹೀಗಾಗಿ ಸೋವಿಯತ್ ಬಣದ ದೇಶಗಳು ಒಂದೇ ಪ್ರಮಾಣದ ಸರಕು ತಯಾರಿಸಲು ಪಶ್ಚಿಮಕ್ಕಿಂತ ಬಹಳ ಹೆಚ್ಚು ಶಕ್ತಿ ಸುಡುತ್ತಿದ್ದವು.

ಬೆಲೆಯದೂ ಪಾತ್ರವಿತ್ತು. ಮನೆ ಬಳಕೆಯ ವಿದ್ಯುತ್ ಯೂನಿಟ್ಟಿಗೆ 8 ಫೆನಿಗ್ (100 ಫೆನಿಗ್ ಅಂದರೆ ಅಲ್ಲಿನ ನಾಣ್ಯವಾದ ಒಂದು ಮಾರ್ಕ್), ದಶಕಗಟ್ಟಲೆ ಅದೇ ದರ. ಸರ್ಕಾರ ಕಟ್ಟಿದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಿಸಿನೀರಿನ ಕೊಳವೆಗಳಿಂದ ಕೋಣೆ ಕಾಯುತ್ತಿತ್ತು. ಅದಕ್ಕೆ ಮೀಟರೂ ಇಲ್ಲ, ಎಷ್ಟೋ ಕಡೆ ಕಡಿಮೆ ಮಾಡುವ ತಿರುಪೂ ಇಲ್ಲ. ಸೆಕೆ ಹೆಚ್ಚಾದರೆ ಕಿಟಕಿ ತೆಗೆಯುವುದೊಂದೇ ದಾರಿ. ಬಡವರಿಗೆ ಚಳಿಯಾಗಬಾರದು ಎಂಬ ಒಳ್ಳೆಯ ಉದ್ದೇಶ ಇದರ ಹಿಂದೆ ಇತ್ತು, ಅದನ್ನು ಅಲ್ಲಗಳೆಯಬಾರದು. ಬೆಚ್ಚಗಿನ ಮನೆ ಮುಖ್ಯವೇ. ಉಳಿಸಿದರೆ ಯಾರಿಗೂ ಏನೂ ಸಿಗದ ಏರ್ಪಾಡು ಮಾತ್ರ ಊರಾಚೆಯ ಗಣಿಯನ್ನು ಬೆಳೆಸುತ್ತ ಹೋಯಿತು.

ಆಮೇಲೆ ಬಡತನ. ಗಂಧಕ ತೆಗೆಯುವ ಘಟಕಗಳನ್ನು ಪಶ್ಚಿಮದಿಂದ ಕೊಳ್ಳಲು ವಿದೇಶಿ ವಿನಿಮಯ ಇರಲಿಲ್ಲ. ಯುದ್ಧದ ನಂತರ ಸೋವಿಯತ್ ಸೇನೆ ಪರಿಹಾರದ ಲೆಕ್ಕದಲ್ಲಿ ಕಾರ್ಖಾನೆಗಳನ್ನೂ ರೈಲು ಹಳಿಗಳನ್ನೂ ಕಳಚಿ ಒಯ್ದಿತ್ತು ಎಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಇದ್ದರೂ ನನ್ನ ಪ್ರಕಾರ ನಿರ್ಣಾಯಕವಾದದ್ದು ಬೇರೆ. ಗಣಿಯ ಒಡೆಯ ಸರ್ಕಾರ. ಗಣಿಯನ್ನು ತಪಾಸಣೆ ಮಾಡುವವರೂ ಸರ್ಕಾರದವರೇ. ದಂಡ ಹಾಕಿದರೆ ಕಟ್ಟುವ ಹಣ ಸರ್ಕಾರದ್ದು, ಸೇರುವ ಖಜಾನೆಯೂ ಸರ್ಕಾರದ್ದು. ನ್ಯಾಯಾಲಯ, ಪತ್ರಿಕೆ, ಕಾರ್ಮಿಕ ಸಂಘ ಎಲ್ಲವೂ ಒಂದೇ ಪಕ್ಷದ ಕೈಯಲ್ಲಿ. ಹಾಗಾದರೆ ಮ್ಯೋಲ್ಬಿಸ್‌ನ ಮನುಷ್ಯ ಯಾರ ವಿರುದ್ಧ, ಯಾರ ಬಳಿ ದೂರಬೇಕು? ಗಡಿಯಾಚೆ ಪಶ್ಚಿಮ ಜರ್ಮನಿಯಲ್ಲೂ ವಿದ್ಯುತ್ ಕಂಪನಿಗಳು ಖರ್ಚು ಹೆಚ್ಚು ಎಂದು ಗೊಣಗಿದ್ದವು. ಆದರೆ ಕಾಡು ಸಾಯುತ್ತಿದೆ ಎಂದು ಪತ್ರಿಕೆಗಳು ಕೂಗಿದವು, 1983ರಲ್ಲಿ ಹಸಿರು ಪಕ್ಷ ಸಂಸತ್ತಿಗೆ ಬಂತು, ಅದೇ ವರ್ಷ ದೊಡ್ಡ ಸ್ಥಾವರಗಳಿಗೆಲ್ಲ ಗಂಧಕ ತೆಗೆಯುವ ಘಟಕ ಕಡ್ಡಾಯವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹೊಗೆ ಇಳಿಯಿತು, ಪೂರ್ವದ್ದು ಇಳಿಯಲಿಲ್ಲ.

ಜನ ಸುಮ್ಮನಿದ್ದರೇ?

ಇಲ್ಲ. ಮತ್ತು ಅವರ ಧೈರ್ಯದ ಬಗ್ಗೆ ನಮ್ಮಲ್ಲಿ ತೀರ ಕಡಿಮೆ ಬರೆದಿದ್ದಾರೆ.

ಪಕ್ಷದ ಹಿಡಿತಕ್ಕೆ ಪೂರ್ತಿ ಸಿಗದೆ ಉಳಿದಿದ್ದ ಮುಖ್ಯ ಜಾಗ ಪ್ರೊಟೆಸ್ಟೆಂಟ್ ಚರ್ಚು. 1986ರಲ್ಲಿ ಪೂರ್ವ ಬರ್ಲಿನ್ನಿನ ಝಯಾನ್ ಚರ್ಚಿಗೆ ಸೇರಿದ ಕಟ್ಟಡದ ನೆಲಮಾಳಿಗೆಯಲ್ಲಿ ಯುವಕರು 'ಪರಿಸರ ಗ್ರಂಥಾಲಯ' ತೆರೆದರು. ಅಂಗಡಿಯಲ್ಲಿ ಸಿಗದ ಪುಸ್ತಕಗಳನ್ನು ಇಟ್ಟರು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಪತ್ರಿಕೆ ಮುದ್ರಿಸಿದರು. 1987ರ ನವೆಂಬರ್ 24ರ ರಾತ್ರಿ ಸ್ಟಾಸಿ ನುಗ್ಗಿ ಯಂತ್ರಗಳನ್ನು ಎತ್ತಿಕೊಂಡು ಹೋಯಿತು, ಹಲವರನ್ನು ಬಂಧಿಸಿತು. ಚರ್ಚಿನ ಮುಂದೆ ಮೇಣದಬತ್ತಿ ಹಿಡಿದು ಜನ ಕೂತರು, ಪಶ್ಚಿಮದ ಟಿವಿ ತೋರಿಸಿತು, ಕೆಲವೇ ದಿನಗಳಲ್ಲಿ ಸರ್ಕಾರ ಬಂಧಿತರನ್ನು ಬಿಡಬೇಕಾಯಿತು.

1988ರಲ್ಲಿ ಎಸ್ಪೆನ್‌ಹೈನ್ ಸುತ್ತಲಿನ ಚರ್ಚ್ ಗುಂಪೊಂದು ಜಾಣತನದ ದಾರಿ ಹುಡುಕಿತು. ಸಹಿ ಸಂಗ್ರಹ ಮಾಡುವಂತಿರಲಿಲ್ಲ. ದೇಣಿಗೆ ಎತ್ತಬಹುದಿತ್ತು. ಆದ್ದರಿಂದ 'ಎಸ್ಪೆನ್‌ಹೈನ್‌ಗೆ ಒಂದು ಮಾರ್ಕ್' ಎಂದು, ಕಾರ್ಖಾನೆಯ ದುರಸ್ತಿಗೆ ತಲಾ ಒಂದು ಮಾರ್ಕ್ ಕೇಳಿದರು. ಕೊಟ್ಟವರು ರಸೀದಿಗೆ ಸಹಿ ಹಾಕಬೇಕಲ್ಲ! ಹೀಗೆ ಸಾವಿರ ಸಾವಿರ ಸಹಿ ಸೇರಿತು. ಅದೇ ವರ್ಷ ಬಿಟ್ಟರ್‌ಫೆಲ್ಡ್‌ನ ವಿಷದ ಗುಂಡಿಗಳನ್ನು ಕೆಲವರು ಗುಟ್ಟಾಗಿ ವಿಡಿಯೋ ಮಾಡಿ ಗಡಿ ದಾಟಿಸಿದರು. ಪಶ್ಚಿಮ ಜರ್ಮನಿಯ ಟಿವಿಯಲ್ಲಿ ಅದು ಬಂದಾಗ ಪೂರ್ವದ ಮನೆಗಳಲ್ಲೂ ಜನ ನೋಡಿದರು. ಆ ಸಂಕೇತಗಳಿಗೆ ಗೋಡೆ ಅಡ್ಡ ಬರುವಂತಿರಲಿಲ್ಲ.

ಜೆಕೊಸ್ಲೊವಾಕಿಯಾದ ಟೆಪ್ಲಿಟ್ಸೆ ಊರಿನಲ್ಲಿ 1989ರ ನವೆಂಬರ್ 11ರಂದು ಜನ ಬೀದಿಗಿಳಿದದ್ದು ಉಸಿರಾಡುವ ಗಾಳಿಗಾಗಿ. ಪ್ರಾಗ್‌ನ ಪ್ರಸಿದ್ಧ ವಿದ್ಯಾರ್ಥಿ ಮೆರವಣಿಗೆ, ಅಲ್ಲಿನ ಕಮ್ಯುನಿಸ್ಟ್ ಸರ್ಕಾರವನ್ನು ಉರುಳಿಸಿದ ಚಳವಳಿಗೆ ಕಿಡಿ ಹೊತ್ತಿಸಿದ್ದು, ನಡೆದದ್ದು ಅದಾದ ಆರು ದಿನಕ್ಕೆ.

ಬಂಡವಾಳಶಾಹಿ ದೇಶಗಳು ಮಾಲಿನ್ಯ ಮಾಡಲಿಲ್ಲವೇ?

ಖಂಡಿತ ಮಾಡಿದವು. 1952ರ ಡಿಸೆಂಬರಿನ ಲಂಡನ್ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. ಪಶ್ಚಿಮ ಜರ್ಮನಿಯ ಕಲ್ಲಿದ್ದಲು-ಉಕ್ಕಿನ ಸೀಮೆಯಾದ ರೂರ್ ಕಣಿವೆಯ ಮೇಲಿನ ಆಕಾಶ ಮತ್ತೆ ನೀಲಿಯಾಗಬೇಕು ಎಂದು ಅಲ್ಲಿನ ರಾಜಕಾರಣಿ ವಿಲಿ ಬ್ರಾಂಟ್ 1961ರಲ್ಲಿ ಹೇಳಿದಾಗ ಅದು ಚುನಾವಣೆಯ ಮಾತಾಗುವಷ್ಟು ಕೆಟ್ಟಿತ್ತು. ಇಲ್ಲಿಯವರೆಗೆ ವಾತಾವರಣ ಸೇರಿದ ಇಂಗಾಲದ ಲೆಕ್ಕದಲ್ಲಿ ಅಮೆರಿಕದ್ದೇ ದೊಡ್ಡ ಪಾಲು.

ಪಶ್ಚಿಮ ಜರ್ಮನಿ ತನ್ನ ಅಂಗಳ ಗುಡಿಸಿದ ಕಸ ಎಲ್ಲಿಗೆ ಹೋಯಿತು ಎಂದೂ ಕೇಳಬೇಕು. ಒಂದಷ್ಟು ಗಡಿಯಾಚೆಗೇ ಹೋಯಿತು. ಪೂರ್ವ ಜರ್ಮನಿಯ ಶ್ಯೋನ್‌ಬೆರ್ಗ್‌ನಲ್ಲಿ 1979ರಲ್ಲಿ ತೆರೆದ ಕಸದ ಗುಡ್ಡಕ್ಕೆ ಪಶ್ಚಿಮದ ಅಪಾಯಕಾರಿ ತ್ಯಾಜ್ಯ ಲಾರಿಗಟ್ಟಲೆ ಬಂದು ಬೀಳುತ್ತಿತ್ತು. ಒಬ್ಬರಿಗೆ ಪಶ್ಚಿಮದ ಮಾರ್ಕ್ ಬೇಕಿತ್ತು, ಇನ್ನೊಬ್ಬರಿಗೆ ಅಗ್ಗದ ಜಾಗ.

ಒಳ್ಳೆಯದೇನೂ ಇರಲಿಲ್ಲವೇ?

ಇತ್ತು. ಬಾಟಲಿ, ಕಾಗದ, ಗುಜರಿ ಕೊಳ್ಳುವ 'ಸೇರೊ' ಕೇಂದ್ರಗಳ ಜಾಲ ದೇಶವಿಡೀ ಹರಡಿತ್ತು. ಮಕ್ಕಳು ಮನೆಮನೆ ಸುತ್ತಿ ಸಂಗ್ರಹಿಸಿ ಕೈಖರ್ಚಿಗೆ ಕಾಸು ಮಾಡುತ್ತಿದ್ದರು. ಸರಕು ಸಾಗಣೆ ಹೆಚ್ಚಾಗಿ ರೈಲಿನಲ್ಲಿ. ಗಣಿಗುಂಡಿಯನ್ನು ಕೆರೆಯಾಗಿಸುವ ಕೆಲಸವೂ ಆಗಲೇ ಶುರುವಾಗಿತ್ತು, ಝೆಂಫ್ಟನ್‌ಬೆರ್ಗ್ ಕೆರೆಯಲ್ಲಿ 1973ರಿಂದಲೇ ಜನ ಈಜುತ್ತಿದ್ದರು. ದೇಶವೇ ಕೊನೆಯುಸಿರೆಳೆಯುತ್ತಿದ್ದ 1990ರ ಸೆಪ್ಟೆಂಬರ್ 12ರಂದು, ಮಂತ್ರಿಮಂಡಲದ ಕೊನೆಯ ಸಭೆಯಲ್ಲಿ, 5 ರಾಷ್ಟ್ರೀಯ ಉದ್ಯಾನ, 6 ಜೀವಗೋಳ ಮೀಸಲು ಪ್ರದೇಶ, 3 ನಿಸರ್ಗ ಉದ್ಯಾನಗಳಿಗೆ ಮಂಜೂರಾತಿ ಸಿಕ್ಕಿತು. ಅದಕ್ಕಾಗಿ ಪಟ್ಟು ಹಿಡಿದ ಸಸ್ಯವಿಜ್ಞಾನಿ ಮಿಖಾಯೆಲ್ ಝುಕ್ಕೊ. ಆದರೆ ಆ ಮಂತ್ರಿಮಂಡಲ ಮುಕ್ತ ಚುನಾವಣೆಯಲ್ಲಿ ಗೆದ್ದು ಬಂದದ್ದು, ಹಳೆಯ ಪಕ್ಷದ್ದಲ್ಲ.

ಬೇರೆ ಕಮ್ಯುನಿಸ್ಟ್ ದೇಶಗಳಲ್ಲಿ? ಮುಖ್ಯವಾಗಿ ಚೀನಾದಲ್ಲಿ?

ಉತ್ತರ ಬೊಹೀಮಿಯಾದ ಮೋಸ್ಟ್ ಎಂಬ ಹಳೆಯ ಪಟ್ಟಣವನ್ನು ಲಿಗ್ನೈಟಿಗಾಗಿ ಪೂರ್ತಿ ನೆಲಸಮ ಮಾಡಿದರು. ಅಲ್ಲಿನ ಪುರಾತನ ಚರ್ಚೊಂದನ್ನು ಮಾತ್ರ 1975ರಲ್ಲಿ ಹಳಿಗಳ ಮೇಲೆ 841 ಮೀಟರ್ ಸರಿಸಿ ಉಳಿಸಿದರು. ಸೋವಿಯತ್ ಒಕ್ಕೂಟದ ಅರಾಲ್ ಸಮುದ್ರ ಬತ್ತಿದ್ದು ಹತ್ತಿ ಬೆಳೆಗೆ ನದಿ ತಿರುಗಿಸಿದ್ದರಿಂದ, ಇಂಧನದಿಂದಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ.

ಚೀನಾದ ಲೆಕ್ಕ ಬೇರೆಯೇ. ಜಗತ್ತು ಸುಡುವ ಕಲ್ಲಿದ್ದಲಿನಲ್ಲಿ ಅರ್ಧಕ್ಕೂ ಹೆಚ್ಚು ಇಂದು ಅಲ್ಲೇ ಸುಡುತ್ತದೆ. ಮಾವೊ ಕಾಲದಲ್ಲಿ ಹುವಾಯ್ ನದಿಯ ಉತ್ತರಕ್ಕೆ ಮಾತ್ರ ಚಳಿಗಾಲದಲ್ಲಿ ಕಲ್ಲಿದ್ದಲಿನ ಶಾಖ ಒದಗಿಸುವ ಏರ್ಪಾಡು ಬಂತು. ನದಿಯ ಉತ್ತರದ ಜನರ ಆಯುಸ್ಸು ಹೊಗೆಯಿಂದ ಕಡಿಮೆಯಾಗಿರುವುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಹೊಗೆ ನಿಜವಾಗಿ ಏರಿದ್ದು 1978ರ ನಂತರ, ಮಾರುಕಟ್ಟೆ ತೆರೆದ ಮೇಲೆ. 2013ರ ಜನವರಿಯಲ್ಲಿ ಬೀಜಿಂಗ್ ಹೊಗೆಯಲ್ಲಿ ಮುಳುಗಿದಾಗ, ಅಷ್ಟರಲ್ಲಿ ಪಿಎಂ 2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳ) ಅಂಕಿಗಳು ಪ್ರಕಟವಾಗತೊಡಗಿದ್ದರಿಂದ ಜನ ಫೋನಿನಲ್ಲಿ ನೋಡಿ ಸಿಟ್ಟಾದರು. ಅದೇ ವರ್ಷ ಸರ್ಕಾರ ಕಟ್ಟುನಿಟ್ಟಿನ ಯೋಜನೆ ತಂದಿತು, ಗಾಳಿ ಎದ್ದುಕಾಣುವಷ್ಟು ಸುಧಾರಿಸಿತು. ಏಕಪಕ್ಷ ಆಡಳಿತವಾದರೂ ಅಂಕಿ ಹೊರಬಂದರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಪೂರ್ವ ಜರ್ಮನಿ 1982ರಲ್ಲಿ ಮುಚ್ಚಿದ್ದು ಇದೇ ಬಾಗಿಲನ್ನು.

1990ರ ನಂತರ ಏನಾಯಿತು?

ಹತ್ತು ವರ್ಷಗಳಲ್ಲಿ ಸಲ್ಫರ್ ಡೈಆಕ್ಸೈಡ್ ಶೇ. 90ಕ್ಕೂ ಹೆಚ್ಚು ಇಳಿಯಿತು. ಹಳೆಯ ಸ್ಥಾವರಗಳು ಮುಚ್ಚಿದವು, ಉಳಿದವಕ್ಕೆ ಗಂಧಕ ತೆಗೆಯುವ ಘಟಕ ಬಂತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಲಿಗ್ನೈಟ್ ಉದ್ಯಮದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಗಾಳಿ ತಿಳಿಯಾದ ಊರುಗಳಿಂದ ಯುವಕರು ಪಶ್ಚಿಮಕ್ಕೆ ಹೊರಟುಹೋದರು.

ಗುಂಡಿಗಳು ಕೆರೆಗಳಾದವು. ಬಿಟ್ಟರ್‌ಫೆಲ್ಡ್‌ನ ಗೊಯ್ಚೆ ಕೆರೆಯಲ್ಲಿ ಈಗ ದೋಣಿಗಳು ಓಡುತ್ತವೆ. ಆದರೆ ಹಳೆಯ ಗಣಿಯ ಸಡಿಲ ಮಣ್ಣನ್ನು ನಂಬುವಂತಿಲ್ಲ: 2009ರ ಜುಲೈ 18ರಂದು ನಾಖ್ಟರ್‌ಷ್ಟೆಟ್‌ನಲ್ಲಿ ದಡ ಕುಸಿದು ಮನೆಗಳು ಕೆರೆಗೆ ಜಾರಿದವು, ಮೂವರು ಸತ್ತರು. ಲೌಸಿಟ್ಸ್ ಮೂಲಕ ಬರ್ಲಿನ್ನಿಗೆ ಹರಿಯುವ ಸ್ಪ್ರೇ ನದಿಯದು ಇನ್ನೊಂದು ತೊಡಕು. ದಶಕಗಳ ಕಾಲ ಗಣಿಯಿಂದ ಎತ್ತಿದ ನೀರೇ ಅದರ ಹರಿವನ್ನು ಹಿಗ್ಗಿಸಿತ್ತು. ಪಂಪ್ ನಿಂತ ಕಡೆ ಅಂತರ್ಜಲ ಮೇಲೇರುತ್ತ ಮಣ್ಣಿನ ಕಬ್ಬಿಣವನ್ನೂ ಸಲ್ಫೇಟನ್ನೂ ಹೊತ್ತು ತರುತ್ತದೆ, ನದಿ ಕೆಲವೆಡೆ ಕಂದುಬಣ್ಣಕ್ಕೆ ತಿರುಗಿದೆ. ಪಂಪ್‌ಗಳೆಲ್ಲ ನಿಂತರೆ ಬೇಸಿಗೆಯಲ್ಲಿ ಹರಿವೇ ಸೊರಗುತ್ತದೆ, ಬರ್ಲಿನ್ನಿನ ಕುಡಿಯುವ ನೀರಿಗೂ ಅದು ಬೇಕು.

ಅಲ್ಲಿ ಈಗಲೂ ಲಿಗ್ನೈಟ್ ಸುಡುತ್ತಾರೆಯೇ?

ಹೌದು. ಹೊರ್ನೊ ಎಂಬ ಸೋರ್ಬರ ಊರನ್ನು ಕೆಡವಿದ್ದು ಜರ್ಮನಿ ಒಂದಾಗಿ ವರ್ಷಗಳೇ ಕಳೆದ ಮೇಲೆ. ಆದರೆ ಅಲ್ಲಿನ ಜನರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಲು ಆಯಿತು, ಅವರ ಹೋರಾಟ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿಯೂ ಅವರು ಸೋತರು. ತಡವೆಂದರೂ 2038ರೊಳಗೆ ಕಲ್ಲಿದ್ದಲು ನಿಲ್ಲಿಸಬೇಕೆಂಬ ಕಾನೂನು 2020ರಲ್ಲಿ ಬಂತು. ಗಣಿ ಪ್ರದೇಶಗಳಿಗೆ 4,000 ಕೋಟಿ ಯೂರೋವರೆಗಿನ ನೆರವೂ ಜೊತೆಗಿದೆ. ಲೌಸಿಟ್ಸ್‌ನ ಕಾಟ್‌ಬುಸ್‌ನಲ್ಲಿ ಆ ನೆರವಿನ ಭಾಗವಾಗಿ ಹೊಸ ರೈಲ್ವೆ ದುರಸ್ತಿ ಕಾರ್ಖಾನೆಯೂ ವೈದ್ಯಕೀಯ ವಿಶ್ವವಿದ್ಯಾಲಯವೂ 2024ರಲ್ಲಿ ಆರಂಭವಾಗಿವೆ. 1990ರ ದಶಕದಲ್ಲಿ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರಿಗೆ ಇಂಥದ್ದೇನೂ ಸಿದ್ಧವಾಗಿರಲಿಲ್ಲ.